ಪಾರ್ಕ್ ಉಸ್ತುವಾರಿ ನನ್ನ ತಲೆಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಮಲ್ಲಿಗೆಬಳ್ಳಿ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಬಡಾವಣೆ ಸಂಘದ ಸಭೆಯಲ್ಲಿ ಪಾರ್ಕ್ ವಿಷಯಕ್ಕೆ ಭಾರಿ ಗಲಾಟೆ. ನಾನೂ ಸುಮ್ನೆ ಇರಲಾರದೆ ಒಂದು ಮಾತು ಆಡಿದೆ. "ಹಾಗಾದರೆ ನೀವೇ ನೋಡಿಕೊಳ್ಳಿ ಮೇಡಂ" ಅಂತ ಉಸ್ತುವಾರಿ ನನಗೆ ವಹಿಸಿ ಎಲ್ಲರೂ ಕಾಫಿಗೆ ಎದ್ದರು.

ಪಾರ್ಕ್ ಪಾಲಿಕೆಯದು. ಒಂದೂವರೆ ಎಕರೆ ಜಾಗ. ನಿರ್ವಹಣೆ ಟೆಂಡರ್‌ನಲ್ಲಿದೆ. ಒಬ್ಬರು ಮಾಲಿ ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಅರ್ಧ ಎಕರೆ ಲಾನ್ ಇದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು, ಯಾಕೆಂದರೆ ಫೆಬ್ರವರಿ ಬಂತು ಅಂದರೆ ಬೋರಿನಲ್ಲಿ ನೀರಿಗಿಂತ ಗಾಳಿಯೇ ಜಾಸ್ತಿ. ಸಂಜೆ ಚೆಂಡಾಡುವ ಹುಡುಗರಿಗೂ ವಾಕಿಂಗ್ ಮಾಡುವ ಹಿರಿಯರಿಗೂ ದಿನಾ ಜಗಳ. ಓಪನ್ ಜಿಮ್‌ನ ಆರು ಯಂತ್ರಗಳಲ್ಲಿ ಎರಡು ಕೆಟ್ಟಿವೆ. ಅದಕ್ಕೆ ಮೂರು ಕಡೆ ಫೋನ್ ಮಾಡಿದೆ. ಮೂವರೂ "ಅದು ನಮ್ಮದಲ್ಲ" ಅಂದರು. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಗೇಟಿಗೆ ಬೀಗ, ಅದು ಯಾರ ಆದೇಶ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ತುಳಸಿ ಗಿಡ ಬಿಟ್ಟರೆ ಬೇರೇನೂ ಬೆಳೆಸಿದವಳಲ್ಲ. ಮೊದಲು ಏನು ಮಾಡಬೇಕು? ಹೊಸ ಹೂಗಿಡ ಹಾಕಿಸಿದರೆ ಜನರಿಗೆ ಸ್ವಲ್ಪ ಸಮಾಧಾನ ಆಗುತ್ತದಾ?

ಬೆಳಗಿನ ವಾಕರ್:

ಮೊದಲು ಆ ಹುಡುಗರನ್ನು ಹೊರಗೆ ಹಾಕಿ. "ಚೆಂಡಾಟ ನಿಷೇಧ" ಅಂತ ಬೋರ್ಡ್ ಬರೆಸಿ. ನಮ್ಮ ಏರಿಯಾದಲ್ಲಿ ಹಾಗೇ ಮಾಡಿದೆವು, ಈಗ ಶಾಂತಿ.

ಹಳೇ ಬೀಗದಕೈ:

ಮೇಡಂ, ನಾನು ಒಂದು ಪಾಲಿಕೆಯ ತೋಟಗಾರಿಕೆ ವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ಕೊನೆಗೆ 23 ಪಾರ್ಕ್ ನನ್ನ ಕೈಕೆಳಗಿದ್ದವು. ಬೀಗದ ಕೈಗಳ ಗೊಂಚಲಿನ ಭಾರಕ್ಕೆ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತಿತ್ತು. ನನ್ನ ಹೆಂಡತಿ ಒಳಗಡೆ ಹಳೇ ಛತ್ರಿ ಬಟ್ಟೆ ಇಟ್ಟು ಹೊಲಿದುಕೊಟ್ಟಿದ್ದಳು.

ಹೂಗಿಡ ಈಗ ಬೇಡ. ಒಂದು ವಾರ ಏನೂ ಮಾಡಬೇಡಿ. ಬೆಳಗ್ಗೆ ಆರು, ಮಧ್ಯಾಹ್ನ ಒಂದು, ಸಂಜೆ ಐದೂವರೆ, ರಾತ್ರಿ ಎಂಟು, ಈ ನಾಲ್ಕು ಹೊತ್ತಿಗೆ ಹೋಗಿ ಒಂದು ಬೆಂಚಿನಲ್ಲಿ ಕೂತು ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ಬರೆದುಕೊಳ್ಳಿ. ಒಂದೇ ದಿನ ನಾಲ್ಕೂ ಆಗದಿದ್ದರೆ ಹಂಚಿಕೊಂಡು ನೋಡಿ. ಪಾರ್ಕ್ ನೋಡಿಕೊಳ್ಳುವುದು ಅಂದರೆ ಗಿಡದ ಕೆಲಸ ಅಂತ ನಾನೂ ಹತ್ತು ವರ್ಷ ಅಂದುಕೊಂಡಿದ್ದೆ. ಗಿಡ ಯಾವತ್ತೂ ನನ್ನ ಹತ್ತಿರ ಜಗಳಕ್ಕೆ ಬರಲಿಲ್ಲ. ಜಗಳವೆಲ್ಲ ಹೊತ್ತಿನದು. ಒಂದೇ ಜಾಗ, ಒಂದೇ ಹೊತ್ತು, ಇಬ್ಬರಿಗೂ ಬೇಕು.

ನನಗೆ ಇದು ತಿಳಿದದ್ದು ಒಂದು ಏಪ್ರಿಲ್ ಮಧ್ಯಾಹ್ನ. ಪಂಪ್ ರಿಪೇರಿ ನೋಡಲು ಹೋಗಿದ್ದೆ. ಪಾರ್ಕಿನ ಕಾಂಪೌಂಡ್ ಹೊರಗೆ, ಆಳೆತ್ತರದ ಗೋಡೆಯ ನೆರಳಿನಲ್ಲಿ, ರಸ್ತೆ ಗುಡಿಸುವ ಏಳು ಹೆಂಗಸರು ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಆ ನೆರಳು ಎಷ್ಟು ಸಣ್ಣದು ಅಂದರೆ ಕಾಲು ಚಾಚಿದರೆ ಪಾದ ಬಿಸಿಲಿಗೆ ಬೀಳುತ್ತಿತ್ತು. ಅದಕ್ಕೆ ಎಲ್ಲರೂ ಕಾಲು ಮಡಚಿಕೊಂಡು, ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದರು. ಒಳಗೆ ಇಷ್ಟಗಲ ಹರಡಿದ ಎರಡು ಮಳೆಮರ, ಅದರ ಕೆಳಗೆ ಖಾಲಿ ಬೆಂಚು, ಗೇಟಿಗೆ ಬೀಗ. ಆ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಐದು ವರ್ಷದಿಂದ ಆ ಬೀಗ ಹಾಕಿಸುತ್ತಿದ್ದವನೂ ನಾನೇ.

ಸಣ್ಣ ಗೇಟು ತೆಗೆದೆ. ಮರುದಿನ ಹದಿನೈದು ಜನ ಬಂದರು. ಅದರ ಮುಂದಿನ ವಾರ ಎದುರು ಮನೆಯವರ ದೂರು ಬಂತು, "ಕಂಡಕಂಡವರು ಬಂದು ಮಲಗುತ್ತಾರೆ" ಅಂತ. ನನಗೆ ಮೇಲಿನಿಂದ ಬೈಗುಳ. ಕೊನೆಗೆ ಒಂದರಿಂದ ಮೂರರವರೆಗೆ ಸಣ್ಣ ಗೇಟು ಮಾತ್ರ ತೆಗೆಯುವುದು ಅಂತ ರಾಜಿಯಾಯಿತು. ನಾನು ಬಿಡುವವರೆಗೂ ಅದು ನಡೆಯಿತು. ಮಧ್ಯಾಹ್ನ ಪಾರ್ಕ್ ಮುಚ್ಚಿದರೆ ಗಿಡಕ್ಕೇನೂ ಲಾಭ ಇಲ್ಲ ಮೇಡಂ. ಮನೆಯಲ್ಲಿ ಫ್ಯಾನ್ ಇರುವವರಿಗೆ ಮಧ್ಯಾಹ್ನ ಪಾರ್ಕ್ ಬೇಡ. ಬೇಕಾದವರು ಸಭೆಗೆ ಬರುವುದಿಲ್ಲ.

ಇನ್ನು "ಅದು ನಮ್ಮದಲ್ಲ" ಅಂದರಲ್ಲ, ಅವರು ಪೂರ್ತಿ ಸುಳ್ಳು ಹೇಳಿಲ್ಲ. ಗಿಡ, ಲಾನ್, ಮಾಲಿ ತೋಟಗಾರಿಕೆಯವರದು. ದೊಡ್ಡ ಮರದ ಕೊಂಬೆ ಕಡಿಯಬೇಕಾದರೆ ಮರ ಸಂರಕ್ಷಣೆಯ 1976ರ ಕಾಯ್ದೆ ಅಡ್ಡ ಬರುತ್ತದೆ, ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ದೀಪ ವಿದ್ಯುತ್ ವಿಭಾಗದ್ದು. ಕಾಂಪೌಂಡ್, ನಡೆಯುವ ದಾರಿ ಎಂಜಿನಿಯರ್‌ದು. ಜಿಮ್ ಯಂತ್ರ ಯಾವುದೋ ಅನುದಾನದಲ್ಲಿ ಬಂದು ಕೂತಿರುತ್ತದೆ, ಟೇಪ್ ಕತ್ತರಿಸಿದ ಮೇಲೆ ಅದಕ್ಕೆ ಅಪ್ಪ ಅಮ್ಮ ಇಲ್ಲ. ಹಾಗಾಗಿ ಫೋನ್ ಬಿಡಿ. ಒಂದೇ ಹಾಳೆಯಲ್ಲಿ ಎಲ್ಲ ದೂರು ಬರೆದು ಆಯುಕ್ತರ ಹೆಸರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಯಾರದು ಅಂತ ಅವರವರೇ ಹಂಚಿಕೊಳ್ಳಲಿ. (ಬೆಂಗಳೂರಿನಲ್ಲಿ ಕೆಲವರು ಬೀದಿ ಪಾರ್ಕಿನ ದೂರು ಹಿಡಿದು ಲಾಲ್‌ಬಾಗ್ ಕಚೇರಿಗೆ ಹೋಗುತ್ತಾರೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ರಾಜ್ಯದ ತೋಟಗಾರಿಕೆ ಇಲಾಖೆಯವು, ಬಡಾವಣೆ ಪಾರ್ಕ್‌ಗಳಿಗೂ ಅವರಿಗೂ ಸಂಬಂಧ ಇಲ್ಲ.) ಅಷ್ಟರಲ್ಲಿ ಜಿಮ್‌ಗೆ ಒಂದು ಡಬ್ಬಿ ಗ್ರೀಸ್ ತಂದು ಬೇರಿಂಗ್‌ಗೆ ಹಾಕಿಸಿ ನೋಡಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಅಲ್ಲಾಡುವ ಯಂತ್ರ ಇದ್ದರೆ ಮಾತ್ರ ಮುಟ್ಟಬೇಡಿ, ಹಗ್ಗ ಕಟ್ಟಿಸಿ.

ಟೆಂಡರ್‌ನ ವರ್ಕ್ ಆರ್ಡರ್ ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎಷ್ಟು ಮಾಲಿ, ವಾರಕ್ಕೆ ಎಷ್ಟು ದಿನ, ವರ್ಷಕ್ಕೆ ಎಷ್ಟು ಲೋಡ್ ಗೊಬ್ಬರ, ಎಲ್ಲ ಅದರಲ್ಲಿರುತ್ತದೆ. ನಿಮಗೆ ಒಬ್ಬ ಮಾಲಿ ಕಾಣಿಸುತ್ತಾರೆ, ಕಾಗದದಲ್ಲಿ ಇಬ್ಬರು ಇರಬಹುದು. ಆದರೆ ಮಾಲಿಯನ್ನು ಬೈಯಬೇಡಿ. ಅವರ ಕೈಗೆ ಏನು ಸೇರುತ್ತದೆ ಅಂತ ನನಗೆ ಗೊತ್ತು.

ಈಗ ನೀರು. ಲೆಕ್ಕ ನೀವೇ ಬ್ಯಾಂಕಿನವರು, ನೋಡಿ. ಅರ್ಧ ಎಕರೆ ಅಂದರೆ 20 ಗುಂಟೆ, ಸುಮಾರು ಎರಡು ಸಾವಿರ ಚದರ ಮೀಟರ್. ಬೇಸಿಗೆಯಲ್ಲಿ ಲಾನ್ ಹಸಿರಾಗಿ ಇರಬೇಕಾದರೆ ದಿನಕ್ಕೆ ಹತ್ತಿರ ಹತ್ತಿರ 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರ್‌ಗೆ 5 ಲೀಟರ್. ಒಟ್ಟು 10 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಸುಮಾರು ಎರಡು! ಇದನ್ನು ಯಾವ ಸಂಘ ಕೊಡುತ್ತದೆ? 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5 ಸಾವಿರ ರೂಪಾಯಿ ದಂಡ ಅಂತ ಆದೇಶ ಮಾಡಿತು. ಅಂಥ ಬೇಸಿಗೆ ನಿಮ್ಮೂರಿಗೂ ಬರುತ್ತದೆ. ಲಾನ್ ಅನ್ನು ಗೇಟಿನ ಹತ್ತಿರ ಐದು ಗುಂಟೆಗೆ ಇಳಿಸಿ. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಉಳಿದ ಕಡೆ ಮರದ ಬುಡಕ್ಕೆ ಒಣ ಎಲೆ ಹರಡಿಸಿ. ಎಲೆ ಸುಡುವುದು ಕಂಡರೆ ಅವತ್ತೇ ನಿಲ್ಲಿಸಿ. ಒಂದು ಗುಂಡಿ ತೋಡಿಸಿ, ಸಗಣಿ ನೀರು ಚಿಮುಕಿಸಿ, ಆಗಾಗ ತಿರುವಿ ಹಾಕಿಸಿದರೆ ಐದಾರು ತಿಂಗಳಿಗೆ ಗೊಬ್ಬರ.

ಹುಡುಗರ ವಿಷಯಕ್ಕೆ ಬಂದರೆ, ವಾಕರ್ ಅವರೇ, ಬೋರ್ಡ್ ನಾನೂ ಬರೆಸಿದ್ದೆ. ಆ ಬೋರ್ಡನ್ನೇ ಹುಡುಗರು ಸ್ಟಂಪ್ ಮಾಡಿಕೊಂಡರು. ಆಮೇಲೆ ಯೋಚನೆ ಮಾಡಿದೆ. ಮಳೆಮರದ ಕೆಳಗೆ ಮೂರು ಸಲ ಹುಲ್ಲು ಹಾಕಿಸಿದ್ದೆ, ಮೂರು ಸಲವೂ ಬೋಳಾಯಿತು. ನೆರಳಿನಲ್ಲಿ ಲಾನ್ ಬರುವುದಿಲ್ಲ, ಮರದ ಬೇರು ಬಿಡುವುದಿಲ್ಲ. ಆ ಬೋಳು ಜಾಗವನ್ನೇ ಹುಡುಗರಿಗೆ ಕೊಟ್ಟೆ. ರಬ್ಬರ್ ಚೆಂಡು ಮಾತ್ರ, ನಾಲ್ಕೂವರೆಯಿಂದ ಆರು. ಹಿರಿಯರಿಗೆ ಆರರ ಮೇಲೆ. ಜಗಳ ನಿಂತೇ ಹೋಯಿತು ಅಂತ ಹೇಳಲಾರೆ. ವಾರಕ್ಕೆ ಏಳು ಇದ್ದದ್ದು ಒಂದಕ್ಕೆ ಇಳಿಯಿತು.

ಬೆಳಗಿನ ವಾಕರ್:

ನಮ್ಮ ಹುಡುಗರು ಈಗ ರಸ್ತೆಯಲ್ಲಿ ಆಡುತ್ತಾರೆ, ಅದೂ ನಿಜ. ಹೋದ ವಾರ ನನ್ನ ಸ್ಕೂಟರ್ ಕನ್ನಡಿ ಹೋಯಿತು.

ಹಿಮದೂರ ಹನುಮ:

ನಾನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಊರು ಹಾಸನದ ಕಡೆ. ಇಲ್ಲಿ ಪಾರ್ಕ್ ನೋಡಿಕೊಳ್ಳುವುದು ನಗರ ಪಾಲಿಕೆ ಅಲ್ಲ. 1883ರಿಂದ ಅದಕ್ಕೇ ಬೇರೆ ಮಂಡಳಿ ಇದೆ. ಒಂಬತ್ತು ಸದಸ್ಯರು, ಅವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಮನೆ ತೆರಿಗೆಯಲ್ಲಿ ಪಾರ್ಕ್ ಮಂಡಳಿಯದ್ದು ಅಂತ ಬೇರೆ ಪಾಲು. ಹಾಗಾಗಿ "ನಮ್ಮದಲ್ಲ" ಅಂತ ಹೇಳಿ ಜಾರಿಕೊಳ್ಳುವುದು ಕಷ್ಟ.

ಹಳೇ ಬೀಗದಕೈ ಸರ್ ಹೊತ್ತಿನ ವಿಷಯ ಹೇಳಿದರಲ್ಲ, ಇಲ್ಲಿ ಅದೇ ಮಾತು ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ಮಕ್ಕಳು ಚೆಂಡಾಡುವ ಮೈದಾನಕ್ಕೇ ಡಿಸೆಂಬರ್‌ನಲ್ಲಿ ಪೈಪು ಹಿಡಿದು ನೀರು ಬಿಡುತ್ತಾರೆ. ಒಂದು ಪದರ ಹೆಪ್ಪುಗಟ್ಟಿದ ಮೇಲೆ ಇನ್ನೊಂದು ಪದರ. ಕೆಲವು ದಿನದಲ್ಲಿ ಅದು ಸ್ಕೇಟಿಂಗ್ ಅಂಗಳ. ಪಕ್ಕದಲ್ಲೇ ಕೈಕಾಲು ಕಾಯಿಸಿಕೊಳ್ಳಲು ಒಂದು ಬೆಚ್ಚನೆಯ ಕೋಣೆ. ಮೊದಲ ವರ್ಷ ನೋಡಿದಾಗ ನಾನು ಪೈಪು ಒಡೆದಿದೆ ಅಂತ ದೂರು ಕೊಡಲು ಹೋಗಿದ್ದೆ! ಬೇಸಿಗೆಯಲ್ಲಿ ಲೇಕ್ ಹ್ಯಾರಿಯೆಟ್ ದಂಡೆಯ ಮಂಟಪದಲ್ಲಿ ಪುಕ್ಕಟೆ ಸಂಗೀತ ಇರುತ್ತದೆ. ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡ್ ನೆನಪಾಗುತ್ತದೆ. ಮಲ್ಲಿಗೆಬಳ್ಳಿ ಅವರೇ, ತಿಂಗಳಿಗೊಂದು ಭಾನುವಾರ ಹಾಡೋ ಕಥೆಯೋ ಇಡಿ. ಅವತ್ತು ವಾಕಿಂಗ್‌ನವರೂ ಹುಡುಗರೂ ಒಟ್ಟಿಗೆ ಕೂರುತ್ತಾರೆ.

ಮಲ್ಲಿಗೆಬಳ್ಳಿ:

ಎಲ್ಲರಿಗೂ ಥ್ಯಾಂಕ್ಸ್. ಸರ್ ಹೇಳಿದ ಹಾಗೆ ಒಂದು ವಾರ ಕೂತು ನೋಡಿದೆ. ಎರಡು ದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿದೆ, ಮನೆಯವರು ನಕ್ಕರು. ಗೇಟಿನ ಹೊರಗೆ ಡೆಲಿವರಿ ಹುಡುಗರು ಮೂವರು ಗಾಡಿ ಮೇಲೆ ಹಾಗೇ ತಲೆ ಇಟ್ಟು ನಿದ್ದೆ ಮಾಡುತ್ತಿದ್ದರು. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವ ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂತು ಮುದ್ದೆ ತಿನ್ನುತ್ತಿದ್ದರು. ಇಷ್ಟು ವರ್ಷ ಇದೇ ರಸ್ತೆಯಲ್ಲಿದ್ದೇನೆ, ಒಂದು ದಿನವೂ ನೋಡಿಲ್ಲ. ರಾತ್ರಿ ಎಂಟಕ್ಕೆ ಹೆಂಗಸರು ಒಬ್ಬರೂ ಇರಲಿಲ್ಲ. ಹಿಂದಿನ ಮೂಲೆಯ ಎರಡು ದೀಪ ಉರಿಯುವುದಿಲ್ಲ. ಅದನ್ನು ದೂರಿನ ಹಾಳೆಯಲ್ಲಿ ಮೊದಲು ಬರೆದೆ. ಗ್ರೀಸ್ ಹಾಕಿಸಿದೆ, ಒಂದು ಯಂತ್ರ ಓಡುತ್ತಿದೆ.

ಈಗ ಹೊಸ ತಲೆನೋವು. ಸಂಘದ ಅಧ್ಯಕ್ಷರು "ಲಾನ್ ಹೇಗಿದ್ದರೂ ಒಣಗಿದೆ, ಆ ಜಾಗದಲ್ಲಿ ಸಮುದಾಯ ಭವನ ಕಟ್ಟಿಸೋಣ, ಅನುದಾನ ತರುತ್ತೇನೆ" ಅನ್ನುತ್ತಿದ್ದಾರೆ. ಅರ್ಧ ಜನ ಚಪ್ಪಾಳೆ ತಟ್ಟಿದರು. ಲಾನ್ ಕಡಿಮೆ ಮಾಡೋಣ ಅಂತ ನಾನೇ ಹೇಳಿದ್ದೆ, ಈಗ ಅದೇ ನನಗೆ ತಿರುಗಿದೆ. ಏನು ಮಾಡಲಿ ಸರ್?

ಹಳೇ ಬೀಗದಕೈ:

ಈ ಮಾತು ಬರುತ್ತದೆ ಅಂತ ನನಗೆ ಗೊತ್ತಿತ್ತು. ಖಾಲಿ ಕಾಣುವ ಜಾಗ ಕಂಡರೆ ಜನರಿಗೆ ಕೈ ತುರಿಸುತ್ತದೆ. ಒಮ್ಮೆ ಭವನ, ಒಮ್ಮೆ ಗುಡಿ, ಒಮ್ಮೆ ಓವರ್‌ಹೆಡ್ ಟ್ಯಾಂಕ್.

ಪಾರ್ಕ್, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆ ತೆಗೆಸಿ. ಅದರಲ್ಲಿ ಆ ಜಾಗಕ್ಕೆ "ಪಾರ್ಕ್" ಅಂತ ಬರೆದಿದೆಯೋ "ನಾಗರಿಕ ಸೌಲಭ್ಯ ನಿವೇಶನ" (ಅಂದರೆ ಶಾಲೆ, ಆಸ್ಪತ್ರೆ, ಭವನದಂಥವು ಕಟ್ಟಲು ಬಿಟ್ಟ ಜಾಗ) ಅಂತ ಬರೆದಿದೆಯೋ ನೋಡಿ. ಎರಡೂ ಬೇರೆ ಬೇರೆ. ಸಭೆಯಲ್ಲಿ ಜನ ಎರಡನ್ನೂ ಕಲಸಿ ಮಾತಾಡುತ್ತಾರೆ. ಪಾರ್ಕ್ ಅಂತ ಇದ್ದರೆ ಅಧ್ಯಕ್ಷರಿಗೆ ಒಂದು ಹಳೇ ಕಥೆ ಹೇಳಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಒಂದು ಟ್ರಸ್ಟ್‌ಗೆ ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆ ಕೂಡ ಜನರ ಒಳ್ಳೆಯದಕ್ಕೇ ಅಲ್ವಾ ಅಂತ ವಾದ ನಡೆಯಿತು. 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು ತಪ್ಪು ಅಂತಲೇ ಹೇಳಿತು. ಮುದ್ದಪ್ಪ ಪ್ರಕರಣ ಅಂತ ಕೇಳಿದರೆ ವಕೀಲರಿಗೆಲ್ಲ ಗೊತ್ತಿದೆ. ಆಸ್ಪತ್ರೆಗೇ ಆಗಲಿಲ್ಲ, ಮದುವೆ ಊಟದ ಭವನಕ್ಕೆ ಆಗುತ್ತದಾ?

ಆದರೆ ಕಾಯ್ದೆ ಒಂದೇ ಸಾಲದು. ಮಳೆ ಶುರುವಾಗುವ ಮೊದಲೇ ಆ ಒಣ ಜಾಗದಲ್ಲಿ ಗುರುತು ಹಾಕಿ ಗುಂಡಿ ತೆಗೆಸಿ, ಜೂನ್‌ನಲ್ಲಿ ಹೊಂಗೆ, ನೇರಳೆ, ಮಹಾಗನಿ ನೆಡಿಸಿ. ಹುಡುಗರ ಕೈಯಲ್ಲೇ ನೆಡಿಸಿ, ಒಬ್ಬೊಬ್ಬರಿಗೆ ಒಂದೊಂದು ಗಿಡ. ಮಧ್ಯೆ ಆಡಲು ಜಾಗ ಬಿಡಿ. ತಮ್ಮ ಗಿಡಕ್ಕೆ ಚೆಂಡು ಬೀಳದ ಹಾಗೆ ಅವರೇ ನೋಡಿಕೊಳ್ಳುತ್ತಾರೆ.

ಮಧ್ಯಾಹ್ನ ಗೇಟು ತೆಗೆಯುವುದಾದರೆ ಹೊಸ ಬೀಗ ತನ್ನಿ, ಮೂರು ಕೀ ಇರುವಂಥದ್ದು. ಒಂದು ಮಾಲಿಗೆ, ಒಂದು ನಿಮಗೆ, ಇನ್ನೊಂದು ಗೇಟಿನ ಎದುರಿಗೆ ಯಾವಾಗಲೂ ಮನೆಯಲ್ಲೇ ಇರುವ ಯಾರಾದರೂ ಅಜ್ಜ ಅಜ್ಜಿ ಇದ್ದರೆ ಅವರಿಗೆ. ಅಧ್ಯಕ್ಷರು ಕೇಳಿದರೆ ನಾಲ್ಕನೇದು ಮಾಡಿಸಬೇಕು ಅನ್ನಿ.