ಅಪ್‌ಡೇಟ್: ಹಳೇ ಫೈನಲ್ ಫ್ಯಾಂಟಸಿಯೊಳಗ ಮಂತ್ರದ ಪೆಟ್ಟು ಯಾಕ ಏರಂಗಿಲ್ಲ

ಇಂಟೆಲಿಜೆನ್ಸ್ (ಪಾತ್ರದ ಬುದ್ಧಿಯ ಅಂಕಿ) ಏರಿದ್ರೂ ದಾಳಿ ಮಂತ್ರ ಹಾಕೋ ಬ್ಲ್ಯಾಕ್ ಮೇಜ್‌ನ ಪೆಟ್ಟು ಯಾಕ ಹಂಗ ಇರ್ತೈತಿ, 1987ರ ಫೈನಲ್ ಫ್ಯಾಂಟಸಿ ಅನ್ನೋ ಎನ್‌ಇಎಸ್ (ನಿಂಟೆಂಡೊದ ಹಳೇ ಗೇಮ್ ಯಂತ್ರ) ಆಟ ಈಗ ಆಡಬಹುದೇನು ಅಂತ ವಿಜಯಪುರದಿಂದ ಕೇಳಿದ್ದೆ. ಉತ್ತರ ಸಿಕ್ಕೇತ್ರಿ.

ತಪ್ಪು ಆಟದ ಕೋಡ್‌ದು. ಇಂಟೆಲಿಜೆನ್ಸ್ ಅನ್ನೋ ಅಂಕಿ ಲೆಕ್ಕಕ್ಕ ಬರೋದೇ ಇಲ್ಲ. ಹಿಂಗಾಗಿ ಕತ್ತಿ, ಮಂತ್ರ ಎರಡೂ ಬಳಸೋ ರೆಡ್ ಮೇಜ್ ಹಾಕಿದ ಫೈರ್-2 ಅನ್ನೋ ಬೆಂಕಿ ಮಂತ್ರಕ್ಕೂ ಬ್ಲ್ಯಾಕ್ ಮೇಜ್ ಹಾಕಿದ್ದಕ್ಕೂ ಬಲ ಒಂದ. ಹೊಡೆತದ ಬಲ ಏರಿಸಬೇಕಾದ ಟೆಂಪರ್, ಸೇಬರ್ ಮಂತ್ರಾನೂ ಕೆಲಸ ಮಾಡಂಗಿಲ್ಲ, ರೊಕ್ಕ ಹಾಳು. ಎಲ್ಫ್‌ಲ್ಯಾಂಡ್ ಅನ್ನೋ ಆಟದ ಊರಾಗ ಸಿಗೋ 4ನೇ ಹಂತದ ಫಾಸ್ಟ್ ಮಂತ್ರ ತಗೋರಿ. ಅದನ್ನ ಕತ್ತಿ ಹಿಡಿಯೋ ಫೈಟರ್ ಮ್ಯಾಲ ಹಾಕಿದ್ರ ಹೊಡೆತದ ಸಂಖ್ಯೆ ದುಪ್ಪಟ್ಟು.

ಇನ್ನೊಂದು ಕಾಟ: ಗುರಿ ಇಟ್ಟ ವೈರಿ ಮೊದಲ ಸತ್ರ ಉಳಿದವರ ಏಟು ಖಾಲಿ ಜಾಗಕ್ಕ ಬೀಳ್ತೈತಿ. ಗೋಳಗುಮ್ಮಟದಾಗ ಕೂಗಿದ್ರ ಮಾರುತ್ತರನಾದ್ರೂ ಬರ್ತೈತಿ, ಇಲ್ಲಿ ಅದೂ ಇಲ್ಲ! ಸಣ್ಣ ವೈರಿಗೆ ಒಬ್ಬೊಬ್ಬರನ್ನ ಹಂಚ್ರಿ, ದೊಡ್ಡವನಿಗೆ ಇಬ್ಬರನ್ನ ಬಿಡ್ರಿ.

ಹೌಸ್ (ಬಯಲಾಗ ತಂಗಿ ಸುಧಾರಿಸಿಕೊಳ್ಳೋ ಸಾಮಾನು) ಬಳಸೋವಾಗ ಹುಷಾರ್. ಅದು ಮೊದಲ ಸೇವ್ ಮಾಡಿ ಆಮ್ಯಾಲ ಮಂತ್ರ ತುಂಬತೈತಿ. ಆ ಸೇವ್ ತೆರೆದ್ರ ಮಂತ್ರ ಖಾಲಿನ. ಹೌಸ್ ಆದಕೂಡ್ಲೇ ಒಂದು ಟೆಂಟ್ (ಹೌಸ್‌ನಂಥದ್ದ ಸಣ್ಣ ಸಾಮಾನು) ಹಾಕಿ ಮತ್ತೊಮ್ಮೆ ಸೇವ್ ಮಾಡ್ರಿ. ಗಾಯ ಮಾಯಿಸೋ ಹೀಲ್ ಪೋಶನ್ 99 ಬೇಕಂದ್ರ ಒಂದೊಂದ ಕೊಳ್ಳಬೇಕು, ಬೆರಳು ನೋಯ್ತೈತಿ.

ಇಷ್ಟಾದ್ರೂ ಆಡಬೇಕ್ರಿ. ಆರು ವರ್ಗದಾಗ ನಾಲ್ಕು ಮಂದಿ ಆರಿಸೋದ್ರಾಗ ಆಟದ ರುಚಿನ ಬ್ಯಾರೆ ಆಗ್ತೈತಿ. ಪ್ರವೋಕಾ ಅನ್ನೋ ಶುರುವಿನ ಊರಿನ ಈಶಾನ್ಯ ತುದಿಗೆ ಮುಂದಿನ ಪ್ರದೇಶದ ವೈರಿಗಳು ಸಿಗ್ತಾರ: ನಕ್ಷೆ 8×8 ಚೌಕ ಆಗಿ ಹಂಚೈತಿ, ಆ ತುದಿ ಬ್ಯಾರೆ ಚೌಕಕ್ಕ ಬಿದ್ದೈತಿ. ಲೆವೆಲ್ ಏರಸಾಕ ಅದಕ್ಕಿಂತ ಚಲೋ ಜಾಗ ಶುರುವಿನಾಗ ಇಲ್ಲ.