ಸಹಾಯ ಬೇಕು: ಮಾರುಕಟ್ಟೆ ಬಿದ್ದಾಗ ರೀಟ್ ನಿಂತೀತೇ?

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಬೆಳೆಗಾರರಿಗೆ ರೀಟ್ (ಹಲವರ ಹಣ ಸೇರಿಸಿ ಆಫೀಸು, ಮಾಲ್‌ನಂಥ ಕಟ್ಟಡ ಇಟ್ಟುಕೊಂಡು ಬಾಡಿಗೆ ಹಂಚುವ ಟ್ರಸ್ಟ್; ಅದರ ಒಂದು ಪಾಲೇ ಯೂನಿಟ್) ಬಗ್ಗೆ ಒಂದು ಪುಟದ ಟಿಪ್ಪಣಿ ತಯಾರಾಗುತ್ತಿದೆ. ತಿಳಿದವರು ತಿದ್ದಿಕೊಡಿ.

ಬಾಡಿಗೆ ಬರುತ್ತದೆ, ಹಾಗಾಗಿ ಯೂನಿಟ್ ಬೆಲೆ ಬೀಳದು ಎಂಬುದು ಬರೀ ಮಾತು. ಅಮೆರಿಕದಲ್ಲಿ 2008ರಲ್ಲಿ ರೀಟ್, ಷೇರು ಎರಡೂ ಸುಮಾರು ಶೇ 37 ಕುಸಿದವು. ಬಡ್ಡಿ ಏರಿದ 2022ರಲ್ಲಿ ರೀಟ್‌ಗೇ ಏಟು ಜಾಸ್ತಿ. ನಮ್ಮ ದೇಶದಲ್ಲಿ ರೀಟ್ ಹಂಚಬಹುದಾದ ನಗದಿನ ಶೇ 90 ಹಂಚಲೇಬೇಕು, ಸಾಲ ಆಸ್ತಿಮೌಲ್ಯದ ಶೇ 49 ದಾಟಬಾರದು. ಕೈಯಲ್ಲಿ ಉಳಿಯುವುದು ಕಡಿಮೆ, ಹಾಗಾಗಿ ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತುವಾಗ ಬಡ್ಡಿ ಕಚ್ಚುತ್ತದೆ. (ಕೊಳೆರೋಗದ ವರ್ಷ ಸೊಸೈಟಿ ಸಾಲ ನವೀಕರಣ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.)

ಬೇಕಾದದ್ದು ಎಂಬೆಸಿ, ಮೈಂಡ್‌ಸ್ಪೇಸ್, ನೆಕ್ಸಸ್ ಎಂಬ ನಮ್ಮ ದೇಶದ ಮೂರು ರೀಟ್‌ಗಳ ಇತ್ತೀಚಿನ ತ್ರೈಮಾಸಿಕ ವರದಿಯಿಂದ ಸಾಲದ ಪ್ರಮಾಣ, ಖಾಲಿ ಜಾಗ, ಮೂರು ವರ್ಷದೊಳಗೆ ಮುಗಿಯುವ ಬಾಡಿಗೆ ಕರಾರು. ನೆಕ್ಸಸ್‌ನದು ಮುಖ್ಯವಾಗಿ ಮಾಲ್, ಉಳಿದೆರಡರ ಆಫೀಸಿನ ಲೆಕ್ಕದ ಜೊತೆ ಬೆರೆಸಬೇಡಿ. ಯಾರು ತೆಗೆದುಕೊಡುತ್ತೀರಿ?