ಸಹಾಯ ಬೇಕು: ಹಳೇಬೀಡಿನ ಫೋಟೋದಲ್ಲಿ ಅರ್ಧ ಬಿಸಿಲು, ಅರ್ಧ ನೆರಳು

ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಫೋಟೋ ಇದು. ಕೆಳಗಿನ ಆನೆ ಸಾಲು ಬಿಸಿಲಿಗೆ ಬೆಳ್ಳಗಾಗಿದೆ, ಮೇಲಿನ ಮೂರ್ತಿಗಳು ನೆರಳಲ್ಲಿ ಕಪ್ಪಗಿವೆ.

ಫೋಟೋ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಕರ್ವ್ಸ್ (ಬೆಳಕು ಹೆಚ್ಚು-ಕಮ್ಮಿ ಮಾಡುವ ಗೆರೆ) ಎತ್ತಿದರೆ ಆನೆಗಳೇ ಬಿಳಿಯಲ್ಲಿ ಮಾಯ. ಆಮೇಲೆ ಫೋಟೋದ ಲೇಯರ್ (ಪದರ) ಕಾಪಿ ಮಾಡಿ, ಬಣ್ಣ ತೆಗೆದು, ಇನ್ವರ್ಟ್ ಮಾಡಿ (ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ), ಗಾಸಿಯನ್ ಬ್ಲರ್ ಕೊಟ್ಟು ಮಸುಕು ಮಾಡಿ, ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) ಓವರ್‌ಲೇ ಇಟ್ಟೆ. ಬೆಳಕೇನೋ ಸಮ ಆಯಿತು. ಆದರೆ ಬ್ಲರ್ ಕಮ್ಮಿ ಇದ್ದರೆ ಮೂರ್ತಿಯ ಒಡವೆ, ಗೆಜ್ಜೆ ಎಲ್ಲಾ ಸಪ್ಪೆ. ಬಳಪದ ಕಲ್ಲಿನ ಅಂದವೇ ಆ ಸಣ್ಣ ಕೆತ್ತನೆ, ಅಲ್ವಾ? ಜಾಸ್ತಿ ಮಾಡಿದರೆ ನೆರಳಿನ ಗೆರೆ ಉದ್ದಕ್ಕೂ ಬಿಸಿಲಿನ ಕಡೆ ಬಿಳಿ ಪಟ್ಟಿ!

ಫೋಟೋ ಜೆಪೆಗ್, 4000 ಪಿಕ್ಸೆಲ್ ಅಗಲ. ಇದಕ್ಕೆ ಬ್ಲರ್ ಎಷ್ಟು ಇಡಬೇಕು? ಇಲ್ಲಾ, ಇದನ್ನು ಬಿಟ್ಟು ಲೇಯರ್ ಮಾಸ್ಕ್ (ಲೇಯರ್‌ನ ಬೇಕಾದ ಭಾಗ ಮಾತ್ರ ಕಾಣಿಸುವ ಮುಸುಕು) ಹಾಕಿ ನೆರಳಿನ ಭಾಗಕ್ಕೆ ಮಾತ್ರ ಕರ್ವ್ಸ್ ಕೊಡುವುದೇ ವಾಸಿನಾ? ಹಾಗಾದರೆ ಮಾಸ್ಕ್‌ನ ಅಂಚು ಎಷ್ಟು ಮೆತ್ತಗಿರಬೇಕು, ಮಾಡಿ ನೋಡಿದವರು ಹೇಳ್ತೀರಾ?